ಮೂಕ ಪ್ರಾಣಿ

ಸಂಕ್ರಾಂತಿ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅದರ ಜೊತೆಗೇ ದನದ ಜಾತ್ರೆ. ಅಲ್ಲಿ ಒಂದು ತಾಸು ನಿಂತರೆ ಸಾಕು, ‘ಮೂಕ ಪ್ರಾಣಿ’ ಅನ್ನುವ ಪದದ ಮೇಲೇ ಅನುಮಾನ ಬರುತ್ತದೆ. ಎತ್ತುಗಳು ಒದರುತ್ತಿರುತ್ತವೆ. ಬಾಯಿ ಮುಚ್ಚಿಕೊಂಡು ನಿಂತವರು ಮನುಷ್ಯರೇ! ಕೊಳ್ಳುವವನೂ ದಲ್ಲಾಳಿಯೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಮಾಡುತ್ತಾರೆ. ಬರೀ ತಲೆ ಅಲ್ಲಾಡುತ್ತದೆ, ಅಷ್ಟೇ.

‘ಮೂಕ’ ಸಂಸ್ಕೃತದಿಂದ ಬಂದ ಪದ, ಮಾತಿಲ್ಲದ್ದು ಎಂದು ಅರ್ಥ. ನಮ್ಮ ‘ಮೂಗ’ ಅದರ ತದ್ಭವ. ‘ಪ್ರಾಣಿ’ ಎಂದರೆ ಪ್ರಾಣ ಇರುವಂಥದ್ದು. ಆ ಲೆಕ್ಕದಲ್ಲಿ ನಾವೂ ಪ್ರಾಣಿಗಳೇ ಅಲ್ವಾ? ಎರಡನೇ ಪದ ನಮ್ಮನ್ನು ದನದ ಪಕ್ಕದಲ್ಲೇ ನಿಲ್ಲಿಸುತ್ತದೆ, ಮೊದಲನೆಯದು ದೂರ ಸರಿಸುತ್ತದೆ. ನಮ್ಮ ಕಡೆ ಇದು ಬೈಗುಳವಲ್ಲ. ಬಂಡಿಗೆ ಹೂಡಿದ ಎತ್ತಿನ ಮೇಲೆ ಬಾರುಕೋಲು ಎತ್ತಿದರೆ ಹಿರಿಯರು, “ಹೊಡಿಬ್ಯಾಡೋ, ಮೂಕ ಪ್ರಾಣಿ ಐತಿ” ಎನ್ನುತ್ತಾರೆ. ಅದಕ್ಕೂ ನೋಯುತ್ತದೆ, ಹೇಳಿಕೊಳ್ಳಲು ಬರುವುದಿಲ್ಲ ಎಂದು.

ಆದರೆ ಹೇಳಲು ಬಾರದ್ದು ಯಾವುದು? ನೋವಂತೂ ಅಲ್ಲ. ಕರು ಕೂಗಿದರೆ ತಾಯಿಗೆ ತನ್ನ ಕರು ಯಾವುದೆಂದು ಗೊತ್ತಾಗುತ್ತದೆ. ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಎಂಬ ಮಂಗಗಳಿವೆ. ಚಿರತೆ ಕಂಡರೆ ಅವು ಕೂಗುವುದೇ ಒಂದು ರೀತಿ, ಹದ್ದಿಗೆ ಇನ್ನೊಂದು, ಹಾವಿಗೆ ಮತ್ತೊಂದು. ರಾಬರ್ಟ್ ಸೈಫಾರ್ತ್, ಡೊರೊಥಿ ಚೇನಿ ಮತ್ತು ಪೀಟರ್ ಮಾರ್ಲರ್ ಎಂಬ ಸಂಶೋಧಕರು ಆ ಕೂಗುಗಳನ್ನು ರೆಕಾರ್ಡ್ ಮಾಡಿ, ಚಿರತೆ ಇಲ್ಲದಾಗ ಹಾಕಿ ಕೇಳಿಸಿದರು. ಚಿರತೆ ಕೂಗಿಗೆ ಮಂಗಗಳು ಮರ ಹತ್ತಿದವು, ಹದ್ದಿನ ಕೂಗಿಗೆ ಮೇಲೆ ನೋಡಿದವು, ಹಾವಿನದಕ್ಕೆ ನೆಲ ನೋಡಿದವು. 1980ರಲ್ಲಿ ಇದು ಪ್ರಕಟವಾಯಿತು. ಇಂಥವುಗಳನ್ನು ಮೂಕ ಅನ್ನುವುದು ಹೇಗೆ?

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ದನಿಯೇ ಭಾಷೆಯಲ್ಲ. ಕಿವುಡರು ಕೈಯಲ್ಲಿ ಆಡುವ ಸಂಜ್ಞಾ ಭಾಷೆಗೆ ಅದರದೇ ವ್ಯಾಕರಣವಿದೆ. ಅವರನ್ನು ಮೂಗರು ಅನ್ನುವುದು ಸುಮ್ನೆ ನಮ್ಮ ಅಜ್ಞಾನ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅದಕ್ಕೂ ಜಾತ್ರೆಗೇ ಹೋಗೋಣ. ಟವೆಲ್ ಹಾಕುವ ಮುಂಚೆ ಮಾರುವವನ ಹೊಗಳಿಕೆ ಇರುತ್ತದಲ್ಲ: “ಹ್ವಾದ ವರ್ಷ ಇವೆರಡ ಸೇರಿ ಹೊಲ ಎಲ್ಲಾ ಹರಗ್ಯಾವ್ರೀ.” ಪಕ್ಕದಲ್ಲೇ ನಿಂತ ಎತ್ತಿಗೆ ‘ಹೋದ ವರ್ಷ ನಾನು ಕುಂಟುತ್ತಿದ್ದೆ’ ಅನ್ನಲು ಬರುವುದಿಲ್ಲ. ಈಗಿನ ನೋವನ್ನು ಅದು ಒದರಿ ಹೇಳಬಹುದು, ಹೋದ ವರ್ಷದ ನೋವನ್ನಲ್ಲ. ಎದುರಿಗಿಲ್ಲದ್ದನ್ನು, ಆಗಿ ಹೋದದ್ದನ್ನು, ಆಗಲೇ ಇಲ್ಲದ್ದನ್ನೂ ಹೇಳುವುದು ಮನುಷ್ಯನ ಮಾತಿನ ಗುಣ. ಭಾಷಾವಿಜ್ಞಾನಿ ಚಾರ್ಲ್ಸ್ ಹಾಕೆಟ್ ಭಾಷೆಯ ಲಕ್ಷಣಗಳಲ್ಲಿ ಇದನ್ನೂ ಸೇರಿಸಿದ್ದರು. ಸುಳ್ಳು ಹೇಳುವ ಸೌಕರ್ಯವೂ ಇದರಿಂದಲೇ ಜಾಸ್ತಿ. ಅದಕ್ಕೇ ತಿಳಿದವರು ಮಾರುವವನ ಮಾತು ಬಿಟ್ಟು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ.

ಇದಕ್ಕೂ ತಂಟೆ ಮಾಡುವ ಹುಳ ಒಂದಿದೆ, ಜೇನು. ಹೂವು ಎಷ್ಟು ದೂರ, ಯಾವ ದಿಕ್ಕು ಎಂದು ಅದು ಗೂಡಿನೊಳಗೆ ಕುಣಿದು ತಿಳಿಸುತ್ತದೆ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಷ್‌ಗೆ 1973ರಲ್ಲಿ ನೊಬೆಲ್ ಬಂತು. ಹೂವು ಎದುರಿಗಿಲ್ಲ, ಆದರೂ ಸುದ್ದಿ ಮುಟ್ಟಿತು. ಆದರೆ ಆ ಕುಣಿತದಲ್ಲಿ ಹೋದ ವರ್ಷದ ಹೂವಿನ ಕತೆ ಬರುವುದಿಲ್ಲ. ನಮ್ಮಲ್ಲಾದರೋ ಟವೆಲ್ಲಿನ ಕೆಳಗಿನ ಒಂದೇ ಬೆರಳು ಸಾವಿರವೂ ಆದೀತು, ಹತ್ತು ಸಾವಿರವೂ ಆದೀತು. ಹಿಡಿದ ಇಬ್ಬರೂ ಒಪ್ಪಿದರೆ ಸರಿ.

ಕಾರ ಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎರೆಮಣ್ಣು ಕಲಸಿ ಜೋಡೆತ್ತು ಮಾಡುತ್ತೇವೆ, ಮುಂದೊಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಇಟ್ಟು ಪೂಜೆ ಮಾಡುತ್ತೇವೆ. ಟ್ರ್ಯಾಕ್ಟರ್ ಬಂದು ದನ ಕಟ್ಟುವ ಜಾಗ ಖಾಲಿಯಾದ ಮನೆಗಳಲ್ಲೂ ಮಣ್ಣೆತ್ತು ಕೂರುತ್ತದೆ, ಅದಕ್ಕೆ ಎಡೆಯೂ ಸಿಗುತ್ತದೆ.