ಕೊಡಗಿನ ಕಪ್ಪು ಕಲ್ಲಿನಲ್ಲಿ ಅಪರೂಪದ ಲೋಹ ಇದೆಯಾ?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟ. ಬಾವಿ ತೋಡುವಾಗ ಕಪ್ಪಗಿನ, ತುಂಬ ಭಾರದ ಕಲ್ಲು ಬಂತು. ಗಡಿಯಾಚೆ ಕಣ್ಣೂರಿನ ಕಡೆ ಕ್ಷಾರೀಯ ಗ್ರಾನೈಟ್ ಇದೆಯಂತೆ. ನಿಯೋಬಿಯಂ, ಜಿರ್ಕೋನಿಯಂ ಥರದ ಲೋಹಗಳು ಅಂಥ ಕಲ್ಲಿನಲ್ಲೇ ಸಿಗುತ್ತವಂತೆ. ಹಾಗಾದರೆ ನಮ್ಮಲ್ಲೂ ಇರಬಹುದಾ?

ಉತ್ತರ: ನಿಮ್ಮ ಕಲ್ಲು ಹೆಚ್ಚಾಗಿ ಚಾರ್ನೊಕೈಟ್ ಇರಬೇಕು. ಕೊಡಗಿನ ಬೆಟ್ಟಗಳಲ್ಲಿ ಬಹಳ ಕಡೆ ಸಿಗುವುದು ಅದೇ. ಒಡೆದು ನೋಡಿ, ಒಳಗೆ ಹಸಿರು ಬೆರೆತ ಕಪ್ಪು, ಎಣ್ಣೆ ಹೊಳಪು. ವಯಸ್ಸು 300 ಕೋಟಿ ವರ್ಷಕ್ಕಿಂತ ಜಾಸ್ತಿ. ಅದರಲ್ಲಿ ಕಬ್ಬಿಣ, ಮೆಗ್ನೀಸಿಯಂ ಇರುವ ಪೈರಾಕ್ಸೀನ್ ಎಂಬ ಖನಿಜ ಇರುವುದರಿಂದ ಕೈಗೆ ಭಾರ ಅನ್ನಿಸುತ್ತದೆ, ಅಷ್ಟೇ. ಹಳೆಯದು, ಕಪ್ಪಗಿದೆ, ಭಾರವಾಗಿದೆ ಅನ್ನುವುದು ಯಾವುದೂ ಅಪರೂಪದ ಲೋಹದ ಗುರುತಲ್ಲ. ಈ ಲೋಹಗಳನ್ನು ಹೊತ್ತ ಕ್ಷಾರೀಯ ಬಂಡೆಗಳು, ಅಂದರೆ ಸೋಡಿಯಂ, ಪೊಟ್ಯಾಶಿಯಂ ಜಾಸ್ತಿ ಇರುವಂಥವು, ಎಷ್ಟೋ ಸಲ ಬೂದು, ಗುಲಾಬಿ ಬಣ್ಣದಲ್ಲಿ ತೀರಾ ಸಾಧಾರಣವಾಗಿ ಕಾಣುತ್ತವೆ.

ಗಡಿಯಾಚೆಯ ಸುದ್ದಿ ಮಾತ್ರ ನಿಜ. ಮಾಕುಟ್ಟ ಇಳಿದು ಇರಿಟ್ಟಿ ಕಡೆ ಹೋದರೆ ಪೆರಳಿಮಲ ಸಿಗುತ್ತದೆ. ಅಲ್ಲಿನದು ಕ್ಷಾರೀಯ ಗ್ರಾನೈಟ್, ಸುಮಾರು 75 ಕೋಟಿ ವರ್ಷ ಹಳೆಯದು. ಕಾಸರಗೋಡಿನ ಅಂಗಡಿಮೊಗರಿನಲ್ಲಿ ಗ್ರಾನೈಟಿನ ನೆಂಟನಾದ ಸಯನೈಟ್ ಎಂಬ ಬಂಡೆ ಇದೆ. ಈ ಕಡೆ ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್ ಕೂಡ ಸುಮಾರು 80 ಕೋಟಿ ವರ್ಷದ್ದು. ಇವೆಲ್ಲ ಕೊಡಗಿನ ಹಳೆಯ ಬಂಡೆಗಳು ಗಟ್ಟಿಯಾಗಿ ಎಷ್ಟೋ ಕಾಲವಾದ ಮೇಲೆ ನೆಲದಾಳದಿಂದ ನುಗ್ಗಿ ಬಂದ ಪಾಕ, ಅಂದರೆ ಕರಗಿದ ಕಲ್ಲು.

ಆದರೆ ಇಂಥ ಪಾಕದಲ್ಲೇ ಯಾಕೆ ಲೋಹ ಸೇರುತ್ತದೆ? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಸ್ವಾರಸ್ಯ ಇರುವುದು ಇಲ್ಲೇ. ಭೂಮಿಯ ಆಳದ ಕಲ್ಲು ಪೂರ್ತಿ ಕರಗುವುದಿಲ್ಲ, ಕೆಲವೊಮ್ಮೆ ಚೂರೇ ಚೂರು ಕರಗುತ್ತದೆ. ಹಾಗೆ ಮೊದಲು ಕರಗಿ ಬರುವ ಪಾಕಕ್ಕೆ ಸೋಡಿಯಂ, ಪೊಟ್ಯಾಶಿಯಂ ಜಾಸ್ತಿ ಸೇರುತ್ತವೆ. ಜೊತೆಗೆ ನಿಯೋಬಿಯಂ, ಜಿರ್ಕೋನಿಯಂ, ವಿರಳ ಭೂಧಾತುಗಳೂ (ರೇರ್ ಅರ್ತ್ ಲೋಹಗಳು) ಬರುತ್ತವೆ. ಮೇಲೆ ಬಂದು ಪಾಕ ತಣಿಯುವಾಗ ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಥರದ ಖನಿಜಗಳು ಹರಳುಗಟ್ಟುತ್ತವೆ. ಈ ಲೋಹಗಳ ಗಾತ್ರಕ್ಕೋ ವಿದ್ಯುದಂಶಕ್ಕೋ ಆ ಹರಳುಗಳಲ್ಲಿ ಜಾಗ ಇರುವುದಿಲ್ಲ. ಕಾಫಿ ಬೀಜಕ್ಕೆ ಜರಡಿ ಹಿಡಿದಾಗ ತೂತಿಗೆ ಹಿಡಿಸದ ದಪ್ಪ ಬೀಜ ಮೇಲೆ ಉಳಿಯುತ್ತದಲ್ಲ, ಹಾಗೆ ಇವು ಪಾಕದಲ್ಲೇ ಉಳಿಯುತ್ತವೆ. ಪಾಕ ಕಮ್ಮಿಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ.

ಹಾಗಿದ್ದರೆ ಎಲ್ಲ ಗ್ರಾನೈಟಿನಲ್ಲೂ ಹೀಗೇ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಮಾಮೂಲಿ ಗ್ರಾನೈಟಿನ ಪಾಕದಲ್ಲಿ ಜಿರ್ಕೋನಿಯಂ ಹೆಚ್ಚು ಕರಗಿ ನಿಲ್ಲುವುದಿಲ್ಲ. ಹತ್ತು ಲಕ್ಷದಲ್ಲಿ ನೂರಿನ್ನೂರು ಪಾಲು ಆಗುವಷ್ಟರಲ್ಲೇ ಜಿರ್ಕಾನ್ ಎಂಬ ಖನಿಜದ ಹರಳಾಗಿ ಬಿಟ್ಟುಹೋಗುತ್ತದೆ, ಸಣ್ಣ ಕಣಗಳಾಗಿ ಬಂಡೆಯ ತುಂಬ ಚದುರುತ್ತದೆ. ಚದುರಿದ್ದನ್ನು ಯಾರೂ ಅಗೆಯುವುದಿಲ್ಲ. ಫೆಲ್ಡ್‌ಸ್ಪಾರ್ ಕಟ್ಟಲು ಸೋಡಿಯಂ, ಪೊಟ್ಯಾಶಿಯಂಗೆ ಅಲ್ಯೂಮಿನಿಯಂ ಬೇಕು. ಅಲ್ಯೂಮಿನಿಯಂ ಮುಗಿದ ಮೇಲೂ ಕ್ಷಾರ, ಅಂದರೆ ಆ ಸೋಡಿಯಂ, ಪೊಟ್ಯಾಶಿಯಂ, ಮಿಕ್ಕಿದ್ದರೆ ಆಟವೇ ಬೇರೆ. ಮಿಕ್ಕ ಕ್ಷಾರ ಜಿರ್ಕೋನಿಯಂ ಅನ್ನು ಪಾಕದಲ್ಲೇ ಹಿಡಿದಿಡುತ್ತದೆ. ಅದು ಶೇಕಡಾ ಲೆಕ್ಕದಲ್ಲಿ ಕರಗಿರಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಫ್ಲೋರಿನ್, ನೀರು ಸೇರಿದರೆ ಪಾಕ ಇನ್ನೂ ಕಮ್ಮಿ ಬಿಸಿಯಲ್ಲೂ ಹೆಪ್ಪುಗಟ್ಟದೆ ಉಳಿಯುತ್ತದೆ. ಕಡೆಗೆ ಉಳಿದ ಆ ಸ್ವಲ್ಪ ಪಾಕದಲ್ಲಿ ಯೂಡಿಯಲೈಟ್, ಲೋಪರೈಟ್, ಪೈರೋಕ್ಲೋರ್ ಮುಂತಾದ, ಈ ಲೋಹಗಳಿರುವ ಖನಿಜಗಳು ಕಟ್ಟುತ್ತವೆ. ರಷ್ಯಾದ ಕೋಲಾ ಪ್ರದೇಶದ ಲೊವೊಜೆರೊದಲ್ಲಿ ಲೋಪರೈಟ್ ಪದರಗಳನ್ನೇ ದಶಕಗಳಿಂದ ಅಗೆಯುತ್ತಿದ್ದಾರೆ.

ನಮ್ಮ ದೇಶದಲ್ಲಿ ಒಳ್ಳೆಯ ಉದಾಹರಣೆ ರಾಜಸ್ಥಾನದ ಬಾಲೋತ್ರಾ ಜಿಲ್ಲೆಯ (2023ರವರೆಗೆ ಬಾಡ್ಮೇರ್) ಸಿವಾನಾ. ಅಲ್ಲಿನ ಗ್ರಾನೈಟ್ ಕೂಡ ಹೆಚ್ಚುಕಡಿಮೆ 75 ಕೋಟಿ ವರ್ಷದ್ದೇ, ಅಂದರೆ ಪೆರಳಿಮಲದ ಓರಗೆಯದು. ಅಲ್ಲಿ ಕ್ಷಾರ ಮಿಕ್ಕಿತ್ತು, ಕಡೆಯ ಪಾಕ ಸೀಳುಗಳಲ್ಲಿ ನುಗ್ಗಿ ನಿಂತಿತು. ಹಾಗಾಗಿ ವಿರಳ ಭೂಧಾತುಗಳಿಗಾಗಿ ಅಲ್ಲಿ ಹುಡುಕಾಟ ಜೋರಾಗಿದೆ. ಕ್ಷಾರೀಯ ಅನ್ನುವ ಹೆಸರು ಇದ್ದ ಮಾತ್ರಕ್ಕೆ ಅದಿರಾಗುವುದಿಲ್ಲ. ಕ್ಷಾರ ಎಷ್ಟು ಮಿಕ್ಕಿತ್ತು, ಕಡೆಯ ಪಾಕ ಒಂದೆಡೆ ಸೇರಿತೋ ಇಲ್ಲವೋ ಅನ್ನುವುದೇ ಮುಖ್ಯ. ಅಂದಹಾಗೆ ಮಂಡ್ಯದ ಮರಳಗಾಲದ ಲಿಥಿಯಂ ಈ ಗುಂಪಿನದಲ್ಲ. ಅದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಬಂಡೆಯದು, ಅಲ್ಯೂಮಿನಿಯಂ ಜಾಸ್ತಿ ಇರುವ ಪಾಕದ ಕೂಸು. ಸುದ್ದಿಯಲ್ಲಿ ಎರಡನ್ನೂ ಸುಮ್ನೆ ಒಂದೇ ಬುಟ್ಟಿಗೆ ಹಾಕುತ್ತಾರೆ.

ಈಗ ನಿಮ್ಮ ತೋಟಕ್ಕೆ ಬರೋಣ. ಚಾರ್ನೊಕೈಟ್ ಆಳದ ಬಿಸಿಗೆ ಬೆಂದು, ನೀರು ಕಳೆದುಕೊಂಡ ಒಣ ಬಂಡೆ. ಅದರಲ್ಲಿ ಜಿರ್ಕಾನ್, ಮೊನಜೈಟ್ (ವಿರಳ ಭೂಧಾತು ಇರುವ ಖನಿಜ) ಕಣಗಳು ಇರಬಹುದು, ಆದರೆ ಚದುರಿಕೊಂಡು. ಕೇರಳದ ಚವರದ ಕರಿಮರಳಿನಲ್ಲಿ ಮೊನಜೈಟ್ ಸಿಗುವುದು ಮಳೆ, ನದಿ, ಸಮುದ್ರದ ಅಲೆ ಎಲ್ಲ ಸೇರಿ ಒಳನಾಡಿನ ಬಂಡೆಗಳ ಕಣಗಳನ್ನು ಯುಗಗಟ್ಟಲೆ ತೊಳೆದು ಆರಿಸಿದ್ದರಿಂದ. ಬಾವಿಯ ಕಲ್ಲಿಗೆ ಆ ಕೆಲಸ ಯಾರೂ ಮಾಡಿಲ್ಲ. ಭಾಗಮಂಡಲದ ಕಡೆ ಕಾಡಿನಲ್ಲಿ ಕದ್ದು ಅಗೆಯುವ ಕೆಂಪು ಹರಳು ಕೂಡ ಬೇರೆಯೇ. ಅದು ಗಾರ್ನೆಟ್ ಜಾತಿ, ಅಪರೂಪದ ಲೋಹಕ್ಕೂ ಅದಕ್ಕೂ ಸಂಬಂಧವಿಲ್ಲ.

ಹುಡುಕುವುದಿದ್ದರೆ ನಾನು ನೋಡುವುದು ಕೊಡಗಿನ ನಡುಭಾಗವನ್ನಲ್ಲ, ಕೇರಳದ ಅಂಚಿನ ಬಿರುಕು ವಲಯವನ್ನು. ಹೊಸ ಪಾಕ ಏರಿ ಬರುವುದು ಅಂಥ ಬಿರುಕುಗಳಲ್ಲೇ. ಸಿಕ್ಕರೂ ಖುಷಿಪಡುವ ಮೊದಲು ಒಂದು ವಿಷಯ ನೆನಪಿರಲಿ. ಈ ಲೋಹಗಳ ಜೊತೆ ಥೋರಿಯಂ, ಯುರೇನಿಯಂ ಅಂಟಿಕೊಂಡೇ ಬರುತ್ತವೆ. ಗ್ರೀನ್‌ಲ್ಯಾಂಡಿನ ಕ್ವಾನೆಫೆಲ್ಡ್‌ನಲ್ಲಿ ದೊಡ್ಡ ನಿಕ್ಷೇಪವೇ ಇದೆ. ಆದರೆ 2021ರಲ್ಲಿ ಅಲ್ಲಿನ ಸಂಸತ್ತು ಹತ್ತು ಲಕ್ಷದಲ್ಲಿ 100 ಪಾಲಿಗಿಂತ ಜಾಸ್ತಿ ಯುರೇನಿಯಂ ಇರುವಲ್ಲಿ ಗಣಿಗಾರಿಕೆ ಬೇಡ ಎಂದು ಕಾನೂನು ಮಾಡಿತು, ಯೋಜನೆ ನಿಂತಿತು.

ಮನಸ್ಸು ತಡೆಯದಿದ್ದರೆ ಹೊಸದಾಗಿ ಒಡೆದ ಅಂಗೈಯಗಲದ ಒಂದು ತುಂಡನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಒಯ್ದು ತೋರಿಸಿ. ಮಳೆಗೆ ಕೊಳೆತ ಹೊರಪದರ ಬೇಡ, ಅದರಲ್ಲಿ ಬಂಡೆಯ ಗುರುತು ಸಿಗುವುದಿಲ್ಲ.