ಕಿವಿಗೆ ಕೇಳದ್ದು ಕಣ್ಣಿಗೆ ಕಂಡಾಗ

ಮನೆಯಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಕುಸಿದುಬಿದ್ದಿದ್ದಾರೆ. ಎಷ್ಟು ಕೂಗಿದರೂ ಓಗೊಡುತ್ತಿಲ್ಲ. ತುರ್ತು ಸಂಖ್ಯೆಗೆ ಕರೆ ಮಾಡಿದರೆ ಆ ಕಡೆಯವರು ಕೇಳುತ್ತಾರೆ, "ಉಸಿರಾಡ್ತಿದ್ದಾರಾ?" ಗಾಬರಿಯಲ್ಲಿ ನಾವು, "ಹೌದು, ಗೊರಗೊರ ಅಂತಿದ್ದಾರೆ" ಅನ್ನುತ್ತೇವೆ. ಆದರೆ ಅದು ನಿಜವಾದ ಉಸಿರಲ್ಲ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮಿದುಳಿನ ಕಾಂಡ ಹೀಗೆ ಬಿಟ್ಟು ಬಿಟ್ಟು ಗಾಳಿ ಎಳೆಸುತ್ತದೆ. "ಹೌದು" ಎಂಬ ಆ ಒಂದು ಮಾತಿನಿಂದ ಸಿಪಿಆರ್, ಅಂದರೆ ಎದೆ ಒತ್ತಿ ಒತ್ತಿ ರಕ್ತ ಹರಿಸುವ ತುರ್ತು ಚಿಕಿತ್ಸೆ, ತಡವಾಗಬಹುದು. ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಫೋನಿನಲ್ಲೇ ಸಿಪಿಆರ್ ಹೇಳಿಕೊಡುವುದು ಹೊಸದೇನಲ್ಲ. ಅಮೆರಿಕದ ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ 1980ರ ದಶಕದಲ್ಲೇ ಅದು ನಡೆಯುತ್ತಿತ್ತು. ಎಷ್ಟೋ ಜೀವ ಅದರಿಂದ ಉಳಿದಿವೆ. ಆದರೂ ಹೇಳಿಕೊಡುವವರದು ಕಣ್ಣು ಕಟ್ಟಿದ ಸ್ಥಿತಿ. "ಎದೆಯ ನಡುವೆ ಒತ್ತಿ" ಅಂದರೆ ಕೈ ಹೊಟ್ಟೆಯ ಮೇಲೆ ಬಿದ್ದಿರಬಹುದು. ಮೊಣಕೈ ಮಡಚಿರಬಹುದು. ರೋಗಿ ಇನ್ನೂ ಮೆತ್ತನೆಯ ಹಾಸಿಗೆಯ ಮೇಲೇ ಇರಬಹುದು. ಆಗ ಒತ್ತಿದ ಬಲದಲ್ಲಿ ಒಂದಷ್ಟನ್ನು ಹಾಸಿಗೆಯೇ ನುಂಗಿಬಿಡುತ್ತದೆ, ಎದೆ ಸಾಕಷ್ಟು ಒಳಗೆ ಹೋಗುವುದಿಲ್ಲ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಇದಕ್ಕೊಂದು ದಾರಿ ಪ್ರಯೋಗಿಸಿ ನೋಡಿದರು. ತುರ್ತು ಕೇಂದ್ರದಿಂದ ಕರೆ ಮಾಡಿದವರ ಮೊಬೈಲಿಗೆ ಮೆಸೇಜಿನಲ್ಲಿ ಒಂದು ಲಿಂಕ್ ಹೋಗುತ್ತದೆ. ಆ್ಯಪ್ ಬೇಕಿಲ್ಲ, ಲಿಂಕ್ ಒತ್ತಿ ಒಪ್ಪಿಗೆ ಕೊಟ್ಟರೆ ಕ್ಯಾಮೆರಾ ತೆರೆದುಕೊಳ್ಳುತ್ತದೆ. ಅಲ್ಲಿ ಕೂತವರು ಈಗ ನೋಡಿ ಹೇಳಬಲ್ಲರು: ಕೈ ಸ್ವಲ್ಪ ಮೇಲಕ್ಕೆ ತನ್ನಿ, ಮೊಣಕೈ ನೇರವಾಗಿರಲಿ, ಇನ್ನೂ ಜೋರಾಗಿ. ದೊಡ್ಡವರಿಗೆ ಎದೆ ಕನಿಷ್ಠ 5 ಸೆಂ.ಮೀ. ಕುಗ್ಗಬೇಕು, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು, ಇಲ್ಲವಾದರೆ ಹೃದಯಕ್ಕೆ ರಕ್ತ ಮರಳಿ ತುಂಬುವುದಿಲ್ಲ. ವಿಡಿಯೊ ನೋಡಿ ತಿದ್ದಿದಾಗ ಕೈಯಿಟ್ಟ ಜಾಗ, ವೇಗ, ಆಳ ಮೂರೂ ಹಲವರಲ್ಲಿ ಸುಧಾರಿಸಿದವು.

ದಕ್ಷಿಣ ಕೊರಿಯಾದ ಸೋಲ್ ನಗರದಿಂದ 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಧ್ವನಿಯಲ್ಲಷ್ಟೇ ಹೇಳಿಕೊಟ್ಟಾಗ ಆಸ್ಪತ್ರೆಯಿಂದ ಜೀವಂತವಾಗಿ ಮನೆಗೆ ಮರಳಿದವರು ಶೇ. 8.9, ವಿಡಿಯೊದಲ್ಲಿ ಹೇಳಿಕೊಟ್ಟಾಗ ಶೇ. 14.3. ಓದಿದರೆ ಎದೆ ಅರಳುವ ಅಂಕಿ. ಆದರೆ ಯಾರಿಗೆ ವಿಡಿಯೊ, ಯಾರಿಗೆ ಧ್ವನಿ ಎಂದು ಚೀಟಿ ಎತ್ತಿ ಹಂಚಿದ್ದಲ್ಲ. ವಿಡಿಯೊ ಸಾಧ್ಯವಾದ ಕಡೆ ಫೋನ್ ಹಿಡಿಯಲು ಇನ್ನೊಬ್ಬರು ಇದ್ದಿರಬಹುದು. ಹಾಗಾಗಿ ಅಷ್ಟೂ ವ್ಯತ್ಯಾಸ ವಿಡಿಯೊದಿಂದಲೇ ಬಂತು ಎನ್ನಲಾಗದು.

ನನ್ನನ್ನು ಹೆಚ್ಚು ಕಾಡುವುದು ಲಿಂಕ್ ತೆರೆಯಲು ಹಿಡಿಯುವ ಹೊತ್ತು. ನಡುಗುವ ಬೆರಳು, ಒದ್ದೆಯಾದ ಕಣ್ಣು, ಸಿಗದ ನೆಟ್‌ವರ್ಕ್. ಆ ಕ್ಷಣಗಳಲ್ಲಿ ಎದೆಯ ಮೇಲೆ ಕೈ ಇರದಿದ್ದರೆ ವಿಡಿಯೊ ಬಂದು ಫಲವಿಲ್ಲ. ಅದಕ್ಕೇ ಮೊದಲು ಸ್ಪೀಕರ್ ಹಾಕಿಸಿ, ಒತ್ತುವುದನ್ನು ಶುರು ಮಾಡಿಸಬೇಕು. ಇನ್ನೊಬ್ಬರು ಓಡಿಬಂದಾಗ ಲಿಂಕ್ ಕೆಲಸ ಅವರದು. ಒಬ್ಬರೇ ಇದ್ದರೆ ಧ್ವನಿಯಲ್ಲೇ ಮುಂದುವರಿಯಲಿ. ಫೋನನ್ನು ಪಕ್ಕದಲ್ಲೇ ನೆಲದ ಮೇಲಿಟ್ಟರೆ ಸಾಕು, ಆ ಕಡೆಯವರು ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಇರುತ್ತಾರೆ, ಬಾಗಿಲಲ್ಲಿ ಆಂಬುಲೆನ್ಸಿನವರು ಕಾಣಿಸುವ ತನಕ.