ಎ.ಪಿ.ಎಸ್. ಅಂದರೆ ಎಷ್ಟು?

ಜುಲೈ ಕೊನೆಯ ಶನಿವಾರ, ಕುಂದಾಪುರದ ಒಂದೇ ಹೈಸ್ಕೂಲಿನಲ್ಲಿ ಓದಿದ ನಾವು ಐದು ಜನ ಬೆಂಗಳೂರಿನ ಒಂದು ದುಬಾರಿ ಸೀಫುಡ್ ರೆಸ್ಟೋರೆಂಟಿನಲ್ಲಿ ಸೇರಿದ್ದೆವು. ಬಾಗಿಲಲ್ಲೇ ಐಸ್ ಹಾಸಿದ ಮೀನಿನ ಟ್ರೇ, ಒಳಗೆ ಹಿತ್ತಾಳೆಯ ದೀಪ, ಮೇಜಿನ ಮೇಲೆ ಗರಿಗರಿ ಬಿಳಿ ಬಟ್ಟೆ. ಮೆನು ಬಿಡಿಸಿದ್ದೇ ತಡ, ಎಲ್ಲರ ಬೆರಳೂ ಒಂದೇ ಕಡೆ ನಿಂತಿತು. ಏಡಿಯ ಎದುರು ಬೆಲೆ ಇಲ್ಲ. ಲಾಬ್‌ಸ್ಟರಿಗೂ ಇಲ್ಲ, ಇಡೀ ಮಾಂಜಿಗೂ (ಪಾಂಫ್ರೆಟ್) ಇಲ್ಲ. ಮೂರು ಅಕ್ಷರ ಮಾತ್ರ: ಎ.ಪಿ.ಎಸ್.

ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಸಾಲ ಮಂಜೂರು ಮಾಡುವ ಗೆಳೆಯ ನನ್ನ ಕಿವಿಗೆ ಬಾಗಿ, “ಇದಕ್ಕ್ ಎಷ್ಟ್ ಆತ್ತ್ ಮಾರಾಯಾ?” ಅಂದ. ವೇಟರ್‌ನನ್ನೇ ಕೇಳು ಅಂದೆ. “ಥೋ, ಹ್ಯಾಂಗೆ ಕೇಂಬುದ್!”

ಈ ಸಂಕೋಚವನ್ನು ನಾನು 26 ವರ್ಷ ಬಾಣಸಿಗನಾಗಿ ಅಡುಗೆಮನೆಯ ಆಚೆ ಬದಿಯಿಂದ ನೋಡಿದ್ದೇನೆ. ಮಂಗಳೂರು, ಮುಂಬೈ, ಬೆಂಗಳೂರು, ಎಲ್ಲ ಕಡೆ ಇದೇ ಕಥೆ. ಗೆಳೆಯರ ಎದುರು ರೇಟು ಕೇಳಿದರೆ ಜಿಪುಣ ಅಂದುಕೊಂಡಾರು ಎಂಬ ಅಳುಕು. ಆದರೆ ಒಳಗೆ ನಡೆಯುವುದು ಬೇರೆ. ತೂಕ ಕೇಳಿದ, ಕಿವಿರು ಎತ್ತಿ ತೋರಿಸು ಅಂದ ಗಿರಾಕಿಯ ಸುದ್ದಿ ಒಂದು ನಿಮಿಷದಲ್ಲಿ ಒಲೆಯ ಬಳಿ ಬರುತ್ತದೆ: “ಏಳನೇ ಟೇಬಲ್‌ನವರಿಗೆ ಮೀನು ಗೊತ್ತುಂಟು.” ಆಮೇಲೆ ಆ ಟೇಬಲ್ಲಿಗೆ ನಿನ್ನೆಯ ತುಂಡು ಹೋಗುವುದಿಲ್ಲ.

ಎ.ಪಿ.ಎಸ್. ಅಂದರೆ ‘ಆ್ಯಸ್ ಪರ್ ಸೈಜ್’, ಗಾತ್ರಕ್ಕೆ ತಕ್ಕ ಬೆಲೆ. ಮೋಸದ ಮಾತಲ್ಲ. ಮೀನಿನ ರೇಟು ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ ದಿನಾ ಏರಿಳಿಯುತ್ತದೆ, ಒಂದು ಏಡಿಯಂತೆ ಇನ್ನೊಂದು ಇರುವುದಿಲ್ಲ. ಮುಂಬೈ ಫೋರ್ಟಿನ ಮಹೇಶ್ ಲಂಚ್ ಹೋಮ್, ತೃಷ್ಣಾಗಳಂಥ ಕಡೆ ಬೆಣ್ಣೆ-ಬೆಳ್ಳುಳ್ಳಿ ಏಡಿಗೆ ಹೆಸರು ಬಂದು, ಏಡಿ ಬಡವರ ಸಾರಿನಿಂದ ಬಿಳಿ ಬಟ್ಟೆಯ ಮೇಜಿಗೆ ಏರಿದ ಮೇಲಂತೂ ಅಚ್ಚು ಹಾಕಿದ ಬೆಲೆ ಯಾರಿಗೂ ಗಿಟ್ಟುವುದಿಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ ಮೂರಿವೆ: ಇವತ್ತು ಕಿಲೋಗೆ ಎಷ್ಟು, ಈ ಪ್ರಾಣಿಯ ತೂಕ ಎಷ್ಟು, ತೂಗುವುದು ಕ್ಲೀನ್ ಮಾಡುವ ಮೊದಲೋ ಆಮೇಲೋ. ಸಾಮಾನ್ಯವಾಗಿ ಮೊದಲು. ಮಣ್ಣೇಡಿಯಲ್ಲಿ ಬಾಯಿಗೆ ಬರುವ ಮಾಂಸ ಒಟ್ಟು ತೂಕದ ಮೂರನೇ ಒಂದು ಪಾಲಿನ ಆಚೀಚೆ. ಅಂದರೆ ಒಂದು ಕಿಲೋ ಏಡಿ ಐದು ಜನಕ್ಕೆ ಊಟವಲ್ಲ, ನೆಂಚಿಕೆ.

ನಮ್ಮ ಟೇಬಲ್ಲಿಗೆ ಹುಡುಗ ಏಡಿ ತಂದ. ಕಾಲು ಕಟ್ಟಿದ್ದರು, ಜೀವ ಇತ್ತು. ಜೀವ ಇರಲೇಬೇಕು, ಸತ್ತ ಏಡಿ ಮೀನಿಗಿಂತ ಬೇಗ ಕೆಡುತ್ತದೆ. ಹೊಟ್ಟೆಯ ಕೆಳಗಿನ ಚಿಪ್ಪನ್ನು ಕಾಲಿನ ಬುಡದ ಬಳಿ ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದರೆ ತಗ್ಗಿದರೆ ಅದು ಇತ್ತೀಚೆಗೆ ಪೊರೆ ಕಳಚಿದ ಏಡಿ. ಹೊಸ ಚಿಪ್ಪು ದೊಡ್ಡದು, ಒಳಗೆ ಮಾಂಸ ಇನ್ನೂ ತುಂಬಿಲ್ಲ, ನೀರು. ತೂಕಕ್ಕೆ ಆ ನೀರೂ ಸೇರುತ್ತದೆ. ಮೊದಲನೆಯದು ತಗ್ಗಿತು, ವಾಪಸ್ ಕಳಿಸಿದೆ. ಎರಡನೆಯದು ಕಲ್ಲಿನ ಹಾಗಿತ್ತು, 850 ಗ್ರಾಂ. ಹೊಟ್ಟೆಯ ಮಡಿಕೆ ಕಿರಿದಾಗಿ ತ್ರಿಕೋನವಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಕೊಂಬಿನ, ಅಂದರೆ ದೊಡ್ಡ ಇಕ್ಕಳಗಾಲಿನ, ಮಾಂಸ ಬೇಕಾದವರಿಗೆ ಗಂಡು, ಒಳಗಿನ ಕೆಂಪು ತತ್ತಿ ಬೇಕಾದವರಿಗೆ ಹೆಣ್ಣು. ಹೊಟ್ಟೆಯ ಹೊರಗೆ ಮೊಟ್ಟೆ ಹೊತ್ತ ಹೆಣ್ಣನ್ನು ಮಾತ್ರ ಯಾರೂ ಕೊಳ್ಳಬಾರದು, ಯಾರೂ ಮಾರಬಾರದು.

ಮುಂದಿನದು ಅಂಜಲ್, ಅಂದರೆ ಕಿಂಗ್‌ಫಿಶ್. ಇದರಲ್ಲಿ ನನಗೆ ಸ್ವಲ್ಪ ತಮಾಷೆ ಸಿಕ್ಕಿತು. “ಮಲ್ಪೆಯಿಂದ ಬೆಳಿಗ್ಗೆ ಬಂದ ಫ್ರೆಶ್ ಅಂಜಲ್ ಸರ್” ಅಂದ ಮ್ಯಾನೇಜರ್. ಜುಲೈ ತಿಂಗಳು! ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ಮಾತ್ರ ಅವಕಾಶ, ಅದೂ ಕಡಲು ಬಿಟ್ಟುಕೊಟ್ಟರೆ. ಟ್ರಾಲ್ ಬೋಟುಗಳೆಲ್ಲ ಲಂಗರು ಹಾಕಿ ಬಲೆ ಹೊಲಿಸಿಕೊಳ್ಳುತ್ತಿರುವಾಗ ಬೆಂಗಳೂರಿನ ಮೆನುವಿಗಾಗುವಷ್ಟು ಅಂಜಲ್ ಮಲ್ಪೆಯಿಂದ ಬರುವುದಿಲ್ಲ. ಹಾಗೆಂದು ಅದು ಹಳೆಯದೇ ಆಗಬೇಕಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ನಮ್ಮ ಕಡಲು ಮುಚ್ಚಿರುವಾಗ ವಿಶಾಖಪಟ್ಟಣ, ಚೆನ್ನೈ ಕಡೆಯ ಬೋಟುಗಳು ನೀರಿನಲ್ಲಿರುತ್ತವೆ. ಮೆಲ್ಲಗೆ, ನಮ್ಮ ಭಾಷೆಯಲ್ಲೇ ಇನ್ನೊಮ್ಮೆ ಕೇಳಿದೆ. “ಚೆನ್ನೈ ಮಾಲು ಸರ್” ಅಂತ ಒಪ್ಪಿದರು. ಚೆನ್ನೈ ಮಾಲು ಅಂತ ಮೊದಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಊರಿನವರು ಬಂದು ಕೂತರೆ ಮಲ್ಪೆ ಹೆಸರು ಹೇಳಬೇಕು ಎಂದು ಯಾರೋ ಕಲಿಸಿರುತ್ತಾರೆ, ಅಷ್ಟೆ.

ಫ್ರೋಜನ್ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಬೋಟಿನಲ್ಲೇ ಸರಿಯಾಗಿ ಗಡ್ಡೆ ಕಟ್ಟಿಸಿ ಮೈನಸ್ 18 ಡಿಗ್ರಿಯಲ್ಲಿ ಇಟ್ಟ ಬೊಂಡಾಸ್ (ಸ್ಕ್ವಿಡ್), ಐಸ್ ಕರಗಿ ಕೊಚ್ಚೆಯಾದ ಪೆಟ್ಟಿಗೆಯಲ್ಲಿ ನಾಲ್ಕು ದಿನ ತಿರುಗಿದ ‘ತಾಜಾ’ ಬೊಂಡಾಸ್‌ಗಿಂತ ಎಷ್ಟೋ ಮೇಲು. ಕೆಡಿಸುವುದು ಐಸ್ ಅಲ್ಲ, ಕರಗಿಸಿ ಮತ್ತೆ ಗಡ್ಡೆ ಕಟ್ಟಿಸುವ ಚಾಳಿ. ಬೆಂದಾಗ ಹಿಂಡಿದ ಬಟ್ಟೆಯ ಹಾಗೆ ನೀರು ಬಿಟ್ಟು ಒಣಗಿದರೆ ಅನುಮಾನ ಪಡಿ.

ಹಳತನ್ನು ಮೂಗು ಹಿಡಿಯುವುದು ಹೇಗೆಂದರೆ, ಕಡಲಿನ ಮೀನಿನ ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತು ಇರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮೀಥೈಲಮೀನ್ ಆಗಿ ಒಡೆಯುತ್ತವೆ. ನಾವು ‘ಮೀನಿನ ವಾಸನೆ’ ಅನ್ನುವುದು ಅದಕ್ಕೆ. ಹುಳಿ ತಾಗಿದರೆ ಅದು ಅಲ್ಲೇ ಕಟ್ಟಿಹೋಗಿ ಮೂಗಿಗೆ ಏರುವುದಿಲ್ಲ. ತಟ್ಟೆಯಂಚಿನ ಲಿಂಬೆ ಹೋಳು, ಪುಳಿಮುಂಚಿಯ ಹುಣಸೆ, ನಮ್ಮ ಅಮ್ಮಂದಿರ ಮುರುಗಲು, ಎಲ್ಲ ಮಾಡುವ ಕೆಲಸ ಒಂದೇ. ಬಾಣಸಿಗನಾಗಿ ಗುಟ್ಟು ಬಿಟ್ಟುಕೊಡುತ್ತೇನೆ: ಇವೇ ಹಳೆಯ ಮೀನನ್ನು ಮುಚ್ಚುವುದಕ್ಕೂ ಬರುತ್ತವೆ. ಹಾಗಾಗಿ ಹೊಸ ಜಾಗದಲ್ಲಿ ನಾನು ಮೊದಲು ತರಿಸುವುದು ಬರೇ ಉಪ್ಪು-ಕಾಳುಮೆಣಸು ಹಾಕಿ ಹಬೆಯಲ್ಲಿ ಬೇಯಿಸಿದ ಒಂದು ಮೀನು. ಅದು ಪಾಸಾದರೆ ರವಾ ಫ್ರೈ, ಗಸಿ. ಘೀ ರೋಸ್ಟ್ ನಮ್ಮ ಕುಂದಾಪುರದ ಹೆಮ್ಮೆಯೇ ಆದರೂ ಕೊನೆಗೆ. ಬ್ಯಾಡಗಿ ಮೆಣಸು, ತುಪ್ಪ ಒಮ್ಮೆ ನಾಲಿಗೆ ಹಿಡಿದರೆ ಆಮೇಲೆ ಕಾಣೆ ಮೀನು (ಲೇಡಿಫಿಶ್) ಬಂದರೂ ಒಂದೇ, ಬಾಸಾ ಬಂದರೂ ಒಂದೇ. ಅಂದ ಹಾಗೆ, ಮೆನುವಿನಲ್ಲಿ ಮೀನಿನ ಹೆಸರಿಲ್ಲದೆ ಬರೇ ‘ಫಿಶ್ ಟಿಕ್ಕಾ’, ‘ಫಿಶ್ ಫಿಂಗರ್’ ಅಂತ ಇದ್ದರೆ ಅದು ಹೆಚ್ಚಾಗಿ ಬಾಸಾ, ಕೆರೆಯಲ್ಲಿ ಸಾಕಿದ ಮೀನು. ತಿನ್ನಬಾರದು ಅಂತಲ್ಲ. ಅಂಜಲ್ ದುಡ್ಡು ಕೊಡಬೇಡಿ.

ಸಿಗಡಿಯದ್ದೂ ಹಾಗೇ. ನಮ್ಮೂರ ಚಟ್ಲಿಯ ನೆನಪಿನಲ್ಲಿ ತರಿಸಿದರೂ ನಗರದ ತಟ್ಟೆಗೆ ಬರುವುದು ಬಹುತೇಕ ಆಂಧ್ರದ ಹೊಂಡಗಳಲ್ಲಿ ಬೆಳೆದ ವನಾಮಿ, 2009ರಲ್ಲಿ ಇಲ್ಲಿ ಸಾಕಲು ಅನುಮತಿ ಸಿಕ್ಕಿದ ಅಮೆರಿಕ ಖಂಡಗಳ ಮೂಲದ ತಳಿ. 16/20 ಎಂದು ಬರೆದಿದ್ದರೆ ಒಂದು ಪೌಂಡಿಗೆ ಅಷ್ಟು ಸಿಗಡಿ ಅಂತ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಸಿಗಡಿ ದೊಡ್ಡದು.

ನಮ್ಮಲ್ಲೊಬ್ಬಳು ಲೆಕ್ಚರರ್, ಅವಳಿಗೆ ಸಿಗಡಿ ಅಲರ್ಜಿ. “ನಾನು ಬರೀ ಕಾಣೆ ಫ್ರೈ ತಿಂತೇನೆ” ಅಂದಳು. ಸಾಲದು. ಅಲರ್ಜಿ ತರುವ ಪ್ರೋಟೀನು ಬೆಂದರೂ ಸಾಯುವುದಿಲ್ಲ, ಸಿಗಡಿ ಕರಿದ ಎಣ್ಣೆಯಲ್ಲಿ, ಕಾವಲಿಯಲ್ಲಿ ಉಳಿದಿರುತ್ತದೆ. ಬೇರೆ ಕಾವಲಿ ಬೇಕು ಎಂದು ಆರ್ಡರ್ ಚೀಟಿಯಲ್ಲೇ ಬರೆಸಿದೆವು. ಏಡಿ ಮುರಿಯುವ ಇಕ್ಕಳವನ್ನು ಅವಳ ಕಡೆ ದಾಟಿಸಲಿಲ್ಲ. ಬಂಗುಡೆ ತಿಂದಾಗಲೂ ಕೆಲವರಿಗೆ ಮುಖ ಕೆಂಪಾಗಿ ತುರಿಸುತ್ತದೆ. ಅದು ಬಹಳ ಸಲ ಅಲರ್ಜಿಯಲ್ಲ. ಐಸ್ ಇಲ್ಲದೆ ಬಿದ್ದ ಬಂಗುಡೆಯಲ್ಲಿ ಹಿಸ್ಟಮೈನ್ ಎಂಬ ತುರಿಕೆ ತರುವ ವಸ್ತು ತಯಾರಾಗುತ್ತದೆ, ಎಷ್ಟು ಬೇಯಿಸಿದರೂ ಹೋಗದು. ನಾಲಿಗೆಗೆ ಮೆಣಸಿನ ಹಾಗೆ ಚುರುಗುಟ್ಟಿದರೆ ತಟ್ಟೆ ಪಕ್ಕಕ್ಕಿಡಿ.

ಏಡಿ ಬಂದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಫೋನು ಹಿಡಿಯಲು ಯಾರ ಕೈಯೂ ಖಾಲಿ ಇರಲಿಲ್ಲ. ಹಳೆಯ ಗೆಳೆಯರ ಕೂಟಕ್ಕೆ ಏಡಿಗಿಂತ ಒಳ್ಳೆಯ ಪದಾರ್ಥ ನಾನು ಕಂಡಿಲ್ಲ. ದೊಡ್ಡ ಕೊಂಬು ಯಾರಿಗೆ ಎಂಬ ಜಗಳ ಮಾತ್ರ ಎಂಟನೇ ಕ್ಲಾಸಿನದ್ದರ ಹಾಗೇ ಇತ್ತು.

ಬಿಲ್ಲು ಬಂತು. ಬ್ಯಾಂಕಿನವನು ಈಗ ಚುರುಕಾಗಿದ್ದ. ಏಡಿಯ ಸಾಲಿನಲ್ಲಿ 850 ಗ್ರಾಂ ಇದೆಯೇ ನೋಡಿದ, ಇತ್ತು. ಜಿಎಸ್‌ಟಿ ಶೇ 5, ಸರಿ. ಅದರ ಮೇಲೆ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಅದನ್ನು ಗಿರಾಕಿಯ ಮೇಲೆ ಹೇರುವಂತಿಲ್ಲ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಇಷ್ಟನ್ನು ನಾನು ಹೇಳಿ ಮುಗಿಸುವ ಮೊದಲೇ ಅವನು ವೇಟರನ್ನು ಕರೆದು, ಸ್ವಲ್ಪವೂ ದನಿ ತಗ್ಗಿಸದೆ, ಆ ಸಾಲು ತೆಗೆಸಿದ. ಹೊಸ ಬಿಲ್ಲು ಕಟ್ಟಿ ಏಳುವಾಗ, ತೆಗೆಸಿದ ಮೊತ್ತಕ್ಕಿಂತ ತುಸು ಹೆಚ್ಚನ್ನೇ ಏಡಿ ತೋರಿಸಿದ ಹುಡುಗನ ಕೈಗಿಟ್ಟು ಊರು ಯಾವುದೆಂದು ಕೇಳಿದ. ಬೈಂದೂರಂತೆ.